ಸಪ್ಪೆ ರೋಗದ ಬ್ಯಾಕ್ಟೀರಿಯಾದವರಿಗೆ, ಮದ್ದಿನ ವಿಚಾರವಾಗಿ

ಮಾನ್ಯರೇ, ನಮ್ಮ ರೇಷ್ಮೆ ಹುಳದ ಹೊಟ್ಟೆಯಲ್ಲಿ ಬಾಡಿಗೆಯಿಲ್ಲದೆ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾ ಮಹಾಶಯರೇ, ಗುಡೇಮಾರನಹಳ್ಳಿಯಿಂದ ಮುನಿರತ್ನಮ್ಮ ಮಾಡುವ ನಮಸ್ಕಾರಗಳು.

ತಪ್ಪು ಮಾಡಿದವರು ನೀವು, ಬರೆಯುವ ಶಿಕ್ಷೆ ನನಗೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳ ಕೈಗೆ, ಬೆಳೆ ಹೋದ ಕಾರಣ ಬರೆದುಕೊಡಿ ಅಂತ ರೇಷ್ಮೆ ಇಲಾಖೆಯವರು ಪೆನ್ನು ಕೊಟ್ಟಿದ್ದಾರೆ. ಕಾರಣ ನೀವೇ ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ರಾಗಿ ಹೊಲ ಕಿತ್ತು ಊರಿಗೆ ಊರೇ ಹಿಪ್ಪುನೇರಳೆ ನೆಟ್ಟಿರುವ ಈ ಕಾಲದಲ್ಲಿ, ಇನ್ನೇನು ಗೂಡು ಕಟ್ಟಬೇಕಿದ್ದ ನಮ್ಮ ಹುಳಗಳನ್ನು ನೀವು ಕೊಳೆಸಿ ಕಪ್ಪಗೆ ಮಾಡಿದ್ದು ಹೋಗಲಿ. ಇಲಾಖೆಯ ಮೇಡಮ್ಮು ನಿಮ್ಮ ಸಂಸಾರದ ರೀತಿ ಹೇಳಿದಾಗ ನನಗೆ ಹೊಟ್ಟೆಕಿಚ್ಚೇ ಬಂತು. ಜಾಗಕ್ಕೆ ಜಗಳ ಬಿದ್ದರೆ ಪಕ್ಕದ ಬ್ಯಾಕ್ಟೀರಿಯಾಗಳನ್ನು ಸಾಯಿಸಲು ನಿಮ್ಮಲ್ಲಿ ಕೆಲವರು ವಿಷ ಅರೆಯುತ್ತೀರಂತೆ, ಅರೆಯುವಾಗಲೇ ಅದಕ್ಕೆ ಮದ್ದನ್ನೂ ಅರೆದು, ವಿಷದ ಬಾಯಿಗೆ ಬಿರಡೆ ಹಾಕಿದಂತೆ ಕೂರಿಸಿ, ಆಮೇಲೆ ಹೊರಗೆ ಬಿಡುತ್ತೀರಂತೆ. ನಿಮ್ಮ ದಾಯಾದಿಗಳಿಗೂ ಅದೇ ಮದ್ದು ಹುಟ್ಟಿನಿಂದಲೇ ಇರುವುದರಿಂದ ಅವರ ಕೂದಲೂ ಕೊಂಕುವುದಿಲ್ಲವಂತೆ. ಸ್ಕೂಲಿನ ಮುಖ ನೋಡದವರಿಗೆ ಇಷ್ಟು ಬುದ್ಧಿ. ನಿಮ್ಮನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ.

ನಮ್ಮ ಯಜಮಾನರ ಸಮಾಚಾರ ಕೇಳಿ. ನಿಮ್ಮನ್ನು ಸಾಯಿಸಲು ಹುಳದ ಮನೆಯ ಕಿಟಕಿ ಸಂದಿಗೆಲ್ಲ ಪೇಪರ್ ಅಂಟಿಸಿ, ಒಳಗಿನಿಂದ ಬಾಗಿಲು ಹಾಕಿಕೊಂಡು, ಮೂತಿಗೆ ಒದ್ದೆ ಟವಲ್ ಸುತ್ತಿಕೊಂಡು ಫಾರ್ಮಲಿನ್ ಹೊಡೆದರು. ಘಾಟು ಹೊರಗೆ ಹೋಗಬಾರದು ಅಂದಿದ್ದು ನಿಜ. ಹೊಡೆಯುವವರೂ ಹೊರಗೆ ಹೋಗಬಾರದು ಅಂತ ಯಾರೂ ಅಂದಿರಲಿಲ್ಲ. ಕೆಮ್ಮು ಕೇಳಿ ನಾನೇ ಬಾಗಿಲು ಒದ್ದು ಎಳೆದು ತಂದೆ. ಕಣ್ಣು ಅರ್ಧ ಮಂಜಾಗಿದೆ, ಇನ್ನೊಂದು ಸಲ ಘಾಟು ತಾಗಿದರೆ ಪೂರ್ತಿ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಇವರು ಜಗಲಿ ಮೇಲೆ ಕೂತು, ‘ಒಂದು ಮೂಲೆ ಉಳ್ಕಂಡೈತೆ ಕಣಮ್ಮಿ, ಹೊಸ ಹುಳ ಬರೋ ಮುಂಚೆ ಹೊಡ್ದುಬುಡ್ತೀನಿ’ ಅನ್ನುತ್ತಾರೆ. ‘ಅದ್ಯಾವ ಮೂಲೆ, ತೋರ್ಸಿ ನೋಡವ’ ಅಂದರೆ ಎಮ್ಮೆಯ ಕಡೆ ಕೈ ತೋರಿಸುತ್ತಾರೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಫಾರ್ಮಲಿನ್‌ಗೆ ತಕ್ಕ ಮದ್ದೊಂದನ್ನು ಅರೆದು ನಮ್ಮ ಯಜಮಾನರಿಗೆ ಕಳಿಸಿಕೊಡಬೇಕು. ಅದಾಗದಿದ್ದರೆ ನಿಮ್ಮ ಕಡೆಯ ಹಿರಿಯರೊಬ್ಬರು ಖುದ್ದಾಗಿ ಬಂದು, ಮೊದಲು ಮದ್ದು ಆಮೇಲೆ ವಿಷ ಎಂಬ ನಿಮ್ಮ ಮನೆತನದ ಪದ್ಧತಿಯನ್ನು ಅವರ ತಲೆಗೆ ತುಂಬಬೇಕು. ಕಟ್ಟಿಕೊಂಡವಳ ಮಾತು ಕೇಳದ ಗಂಡಸು ಹೊರಗಿನವರ ಮಾತಿಗೆ ಒಸಿ ಬೆಲೆ ಕೊಡುತ್ತಾನೆ.

ವಿಶ್ವಾಸ ಒಂದಿಷ್ಟೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಮುನಿರತ್ನಮ್ಮ

ಬರೆಯಲು ಮರೆತಿದ್ದು: ಔಷಧಿ ಹೊಡೆಯುವ ಪಂಪನ್ನು ಬಚ್ಚಿಟ್ಟಿದ್ದೇನೆ, ಇವರು ತಡಕಾಡಿಕೊಂಡು ಹುಡುಕುತ್ತಿದ್ದಾರೆ. ಹೊಸ ಹುಳ ಹದಿನೈದನೇ ತಾರೀಕು ಬರುತ್ತವೆ. ನೀವು ಸುಮ್ಮನಿದ್ದರೆ ಆ ಮೂಲೆಗೆ ನಾನೇ ಹೊಡೆಯುತ್ತೇನೆ, ಬಾಗಿಲಾಚೆ ನಿಂತು. ಹದಿನಾಲ್ಕರೊಳಗೆ ಉತ್ತರ ಬರಬೇಕು.