ಚಿಕ್ಕಮ್ಮನ ಕೆಂಪು ಬಾಣ

ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡುವುದು ಲೋಕರೂಢಿ. ಡಾಕ್ಟರನ್ನೇ ಪರೀಕ್ಷೆ ಮಾಡಿ, ಫೇಲು ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ ರೋಗಿಯನ್ನು ನೀವು ನೋಡಿದ್ದೀರಾ? ಇಲ್ಲವಾದರೆ ನಮ್ಮ ಚಿಕ್ಕಮ್ಮನನ್ನು ನೋಡಬೇಕು!

ಆ ಸುದ್ದಿ ಬಂದಾಗ ನಾನು ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ವರ್ಷಕ್ಕಾಗುವಷ್ಟು ಹಣ್ಣು ಮುಂದೆ ಗುಡ್ಡೆ ಬಿದ್ದಿತ್ತು. ಕೈಯೆಲ್ಲ ಅಂಟು. ಫೋನನ್ನು ಮೊಣಕೈಯಲ್ಲಿ ಒತ್ತಿದೆ. ಅನಂತಪುರದ ಆಸ್ಪತ್ರೆಯಿಂದ ನಮ್ಮಣ್ಣ ಕಿರುಚಿದ.

"ಎದ್ದೋದ್ಳು ಕಣೆ!"

"ಯಾರಣ್ಣ?"

"ಇನ್ಯಾರು, ನಿನ್ ಚಿಕ್ಕಮ್ಮ! ನಾಳೆ ಆಪರೇಷನ್ನು. ನಾನು ಕಾಗದಕ್ಕೆ ಸೈನ್ ಹಾಕಿ ತಿರುಗಿ ನೋಡೋದ್ರೊಳಗೆ ಮಂಚ ಖಾಲಿ! ಡಾಕ್ಟರ ಬಿಳೀ ಕೋಟಿಗೆ ಬಾಣ ಅಂಟಿಸ್ಬಿಟ್ಟು ಹೋಗವ್ಳೆ!"

ಬಾಣದ ವಿಷಯ ಮೊದಲು ಹೇಳಿಬಿಡುತ್ತೇನೆ. ಚಿಕ್ಕಮ್ಮ ನಮ್ಮ ಅಮ್ಮನ ತಂಗಿ, ಮಡಕಶಿರಾ ಕಡೆಯ ಹಳ್ಳಿಯವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಊರಿನ ನಾಲ್ಕು ಹೆಂಗಸರ ಜೊತೆ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಸೇರಿದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲಿ ಚೆಕಿಂಗ್ ಕೆಲಸ. ಹೊಲಿದ ಅಂಗಿ ಮೇಜಿಗೆ ಬಂದರೆ ಕಾಲರು, ಕಂಕುಳು, ಗುಂಡಿ ಎಲ್ಲ ತಿರುವಿ ನೋಡಿ, ತಪ್ಪಿದ ಕಡೆ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರು ಅಂಟಿಸಬೇಕು. ಬಾಣ ಬಿದ್ದ ಪೀಸು ಹೊಲಿದವಳ ಹತ್ತಿರ ವಾಪಸು ಹೋಗುತ್ತದೆ. ಕೆಲಸ ಬಿಟ್ಟು ಬರುವಾಗ ಬೇರೆಯವರು ಬೀರು ತಂದರು, ಟೀವಿ ತಂದರು. ನಮ್ಮಣ್ಣನ ಮನೆ ಸೇರಿದ ಇವಳು ಕೆಂಪು ಬಾಣದ ಸುರುಳಿ ತಂದಳು! ಮುಗಿದರೆ ಹಳೆಯ ಗೆಳತಿಯರು ಇನ್ನೊಂದು ಕಳಿಸುತ್ತಾರೆ.

ಮುದ್ದೆಯಲ್ಲಿ ಗಂಟು ಸಿಕ್ಕರೆ ತಟ್ಟೆಗೆ ಬಾಣ. ಬಸ್ಸಿನ ಹರಿದ ಸೀಟಿಗೆ ಬಾಣ. ಮಂತ್ರ ಅರ್ಧ ನುಂಗಿದ ಪೂಜಾರಿಯ ಶಲ್ಯಕ್ಕೂ ಬಾಣ! ಆ ದಿನ ನಾನು ಗುಡಿಯಲ್ಲಿ ಎರಡು ಸಲ ಹೆಚ್ಚಿಗೆ ಅಡ್ಡಬಿದ್ದೆ. ದಿನದಲ್ಲಿ ಸಿಕ್ಕ ಸಣ್ಣಪುಟ್ಟ ಕೃಪೆಗಳನ್ನು ಸಂಜೆ ದೀಪ ಹಚ್ಚುವಾಗ ಎಣಿಸುವುದು ನನ್ನ ಅಭ್ಯಾಸ. ದೇವರ ಮೂರ್ತಿಗೇ ಅಂಟಿಸಲಿಲ್ಲವಲ್ಲ, ಅವತ್ತಿಗೆ ಅದೇ ಮೊದಲನೆಯದು!

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವಂತೂ ಕೇಳಬೇಡಿ. ಹುಡುಗ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರು. ತಾವೇ ಕತ್ತರಿಸಿ ಹೊಲಿಸಿದ ಹೊಸ ಪ್ಯಾಂಟು ಹಾಕಿಕೊಂಡು ಠೀವಿಯಿಂದ ಕೂತಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರೆ ಚಿಕ್ಕಮ್ಮ ಪ್ಯಾಂಟು ನೋಡುತ್ತಿದ್ದಳು. ಉಪ್ಪಿಟ್ಟಿನ ತಟ್ಟೆ ಇಡುವ ನೆಪದಲ್ಲಿ ಬಗ್ಗಿ ಮೊಣಕಾಲಿಗೆ ಟಪ್ಪನೆ ಬಾಣ ಅಂಟಿಸಿದಳು!

"ಎಡಗಾಲು ಉದ್ದ ಆಗೈತೆ."

ಅಪ್ಪ ತಲೆಯ ಮೇಲೆ ಕೈ ಹೊತ್ತರು. ಹುಡುಗ ಎದ್ದು ನಿಂತು ಎರಡೂ ಕಾಲು ಜೋಡಿಸಿ ನೋಡಿಕೊಂಡರು.

"ಹೌದ್ರಿ. ಅರ್ಧ ಇಂಚು ಐತ್ರಿ. ತಪ್ಪು ನಂದ ರೀ."

ಚಿಕ್ಕಮ್ಮ ಒಳಗೆ ಬಂದು ನನ್ನ ಕಿವಿಯಲ್ಲಿ ಅಂದಳು: "ತಪ್ಪು ತೋರ್ಸಿದ್ರೆ ಕೋಪ ಮಾಡ್ಕಳ್ಲಿಲ್ಲ. ಹುಡುಗ ಪಾಸು. ಕಣ್ಮುಚ್ಕಂಡು ಒಪ್ಕೊ."

ಒಪ್ಪಿಕೊಂಡೆ. ಇವತ್ತಿಗೂ ಅವಳ ತೀರ್ಪು ಸುಳ್ಳಾಗಿಲ್ಲ.

ಒಮ್ಮೆ ಜ್ವರ ಬಂದು ಊರ ಹತ್ತಿರದ ಡಾಕ್ಟರ ಬಳಿ ಹೋದಳು. ನರ್ಸಮ್ಮ ಸೂಜಿ ಹಿಡಿದು ಬಂದಳು.

"ಏನಮ್ಮ ಅದು?"

"ಇಂಜೆಕ್ಷನ್ನು."

"ಅದು ಕಾಣ್ತೈತೆ. ಒಳಗೇನೈತೆ?"

"ಅದೆಲ್ಲ ನಿಮಗೆ ಅರ್ಥ ಆಗಲ್ಲ. ಸುಮ್ನೆ ತಿರುಗಿ ಮಲಗಿ."

"ಗುಂಡಿ ಒಂದು ನೂಲು ಅತ್ತಿತ್ತ ಆದ್ರೆ ಇಡೀ ಲೈನು ನಿಲ್ಸಿ ಯಾಕೆ ಅಂತ ಕೇಳ್ದವ್ಳು ನಾನು. ನನ್ ಮೈಯೊಳಕ್ಕೆ ಹೋಗೋದನ್ನ ಕೇಳ್ಬಾರ್ದಾ? ನಂಗೆ ಅರ್ಥ ಆಗಲ್ವೋ, ನಿಂಗೆ ಹೇಳಾಕೆ ಬರಲ್ವೋ?"

ನರ್ಸಮ್ಮ ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದು, ಔಷಧಿಯ ಹೆಸರು, ಅದು ಮಾಡುವ ಕೆಲಸ ಎರಡನ್ನೂ ಮಗ್ಗಿಯಂತೆ ಒಪ್ಪಿಸಿದಳು. ಆಮೇಲೆಯೇ ಚಿಕ್ಕಮ್ಮ ತಿರುಗಿ ಮಲಗಿದ್ದು. ಇದನ್ನು ಕೇಳಿಸಿಕೊಂಡ ಉಳಿದ ರೋಗಿಗಳೂ ತಮ್ಮ ತಮ್ಮ ಸೂಜಿಯ ವಿಚಾರ ಕೇಳತೊಡಗಿ, ಡಾಕ್ಟರ ಮಧ್ಯಾಹ್ನದ ಊಟ ಸಂಜೆಯ ತನಕ ಹೋಯಿತಂತೆ!

ಇಂಥವಳಿಗೆ ನಾವು ಸುಳ್ಳು ಹೇಳಲು ಹೊರಟೆವು ನೋಡಿ! ಬುದ್ಧಿಗೇಡಿತನಕ್ಕೂ ಒಂದು ಮಿತಿ ಬೇಡವೇ?

ಚಿಕ್ಕಮ್ಮನ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು. ಅನಂತಪುರದಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು. ಡಾಕ್ಟರು ಅಣ್ಣನನ್ನು ಮಾತ್ರ ಒಳಗೆ ಕರೆದು ಹೇಳಿದರು. ಅಣ್ಣ ಕೈಮುಗಿದು, "ಅವಳಿಗೆ ಹೇಳಬ್ಯಾಡಿ ಸಾರ್, ಎದೆ ಒಡ್ಕಂಡು ಸತ್ತೋಯ್ತಾಳೆ" ಎಂದ. ಡಾಕ್ಟರೂ ತಲೆಯಾಡಿಸಿದರು. ನಮ್ಮ ಕಡೆ ನಡೆದು ಬಂದ ಪದ್ಧತಿಯೇ ಇದು: ರೋಗ ಒಬ್ಬರದು, ಗುಟ್ಟು ಉಳಿದವರದು. ಫೋನಿನಲ್ಲಿ ನಾನೂ ಹೂಂಗುಟ್ಟಿದೆ. ಹನುಮಪ್ಪನಿಗೆ ಐದು ಕಾಯಿ ಹರಕೆ ಹೊತ್ತು, ಸುಳ್ಳಿನಲ್ಲಿ ಅವನನ್ನೂ ಸೇರಿಸಿಕೊಂಡೆ.

ಆದರೆ ಯಾವ ಸುಳ್ಳು ಎಂದು ನಾವು ಮಾತಾಡಿಕೊಳ್ಳಲೇ ಇಲ್ಲವಲ್ಲ! ಅಣ್ಣ "ಗ್ಯಾಸು ಗಂಟು ಕಟ್ಟೈತೆ" ಅಂದ. ಅವನ ಹೆಂಡತಿ, ನಮ್ಮ ಅತ್ತಿಗೆ, "ಉಷ್ಣ ಕಣತ್ತೆ, ಮಜ್ಜಿಗೆ ಕುಡೀರಿ" ಅಂದಳು. ನಾನು ಫೋನಿನಲ್ಲಿ "ನೀರುಗಂಟು, ತೆಗೆದ್ರೆ ಆಯ್ತು" ಅಂದೆ.

ಆಸ್ಪತ್ರೆಯಿಂದ ಎದ್ದವಳು ನೇರ ರಾಯದುರ್ಗದ ಬಸ್ಸು ಹತ್ತಿದ್ದಳು. ನಾನು ದೀಪ ಹಚ್ಚಿ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಮ್ಮ! ಕೈಯಲ್ಲಿ ಒಂದು ಚೀಲ, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ.

"ಬರ್ರಿ ಚಿಕ್ಕಮ್ಮಾರೆ, ಕುಂದರ್ರಿ," ನಮ್ಮ ಯಜಮಾನರು ನೀರು ಕೊಟ್ಟರು. "ಯಾಕ ಎದ್ದು ಬಂದ್ರಿ? ಡಾಕ್ಟ್ರು ಏನಂದ್ರು?"

"'ಏಮೀ ಲೇದಮ್ಮಾ' ಅಂದ್ರು ಅಳಿಯಪ್ಪ. ಏನೂ ಇಲ್ಲವಂತೆ! ಏನೂ ಇಲ್ದಿದ್ರೆ ಕುಯ್ಯೋದೇನನ್ನ? ಅದಕ್ಕೇ ಬಾಣ ಹಾಕ್ಬಿಟ್ಟು ಬಂದೆ." ನನ್ನ ಕಡೆ ತಿರುಗಿದಳು. "ಉಳಿದೋರ ಪೀಸೆಲ್ಲ ಚೆಕ್ ಮಾಡಿ ಆಯ್ತು. ನಿಂದೊಂದು ಬಾಕಿ ಐತೆ. ಹೇಳು, ಏನಾಗೈತೆ ನಂಗೆ?"

"ನೀರುಗಂಟು ಕಣೆ ಚಿಕ್ಕಮ್ಮ..."

ಅವಳು ಚೀಲದಿಂದ ಸುರುಳಿ ತೆಗೆದು, ಒಂದು ಬಾಣ ಬಿಡಿಸಿ, ನನ್ನ ಹಣೆಗೆ ಅಂಟಿಸಿದಳು. ಕುಂಕುಮದ ಪಕ್ಕಕ್ಕೇ!

"ಒಂದೇ ಬಂಡಲ್ಲು, ಮೂರು ಪೀಸು, ಮೂರು ಅಳತೆ. ಗ್ಯಾಸು, ಉಷ್ಣ, ನೀರು. ಸುಳ್ಳು ಹೊಲಿಯೋಕೂ ಒಂದು ಅಳತೆ ಇಟ್ಕಬೇಕಲ್ಲೇನೆ ಅಮ್ಮಣ್ಣಿ?"

ದೀಪ ಉರಿಯುತ್ತಿತ್ತು. ಅದರ ಮುಂದೆ ಎರಡನೆಯ ಸಲ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಕ್ಯಾನ್ಸರು, ಚಿಕ್ಕಮ್ಮ."

ಅವಳ ಎದೆ ಒಡೆಯಲಿಲ್ಲ. ಸೆರಗಿನ ಅಂಚನ್ನು ಬೆರಳಲ್ಲಿ ಸವರುತ್ತ ಕೂತಳು, ಹೊಲಿಗೆ ಪರೀಕ್ಷಿಸುವವಳಂತೆ.

"ಎಷ್ಟು ದಿನದಿಂದ ಗೊತ್ತು?"

"ಎಂಟು ದಿನ."

"ಹಾಲು ಹಾಕೋ ಹೆಂಗಸಿಗೂ ಗೊತ್ತೈತಾ?"

ಅತ್ತಿಗೆಯ ಬಾಯಿ ನನಗೆ ಗೊತ್ತು. ತಲೆ ತಗ್ಗಿಸಿದೆ.

"ಅದಕ್ಕೇ! ಒಂದು ವಾರದಿಂದ ಹಾಲಿಗೆ ನೀರೇ ಹಾಕಿಲ್ಲ!"

ಯಜಮಾನರು ತಡೆಯಲಾರದೆ ನಕ್ಕುಬಿಟ್ಟರು. ಚಿಕ್ಕಮ್ಮನೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು:

"ನಿಮ್ಮ ಚಿಕ್ಕಪ್ಪಂಗೂ ಹಿಂಗೇ ಹೇಳ್ಲಿಲ್ಲ. ಹೇಳಬ್ಯಾಡಿ ಅಂದವ್ಳು ನಾನೇ. ಆಸ್ಪತ್ರೇಲಿ ದಿನಾ ಕೇಳೋನು, ಮನೆಗೆ ಯಾವತ್ತು ಹೋಗೋದು ಅಂತ. ಸೋಮವಾರ ಅಂತಿದ್ದೆ. ಎಷ್ಟು ಸೋಮವಾರ ಹೇಳಿದ್ನೋ! ಏನೋ ಹೇಳ್ಬೇಕು ಅಂತ ಬಾಯಿ ತೆಗೆಯೋನು. ಮನೆಗೋಗಿ ನಿಧಾನವಾಗಿ ಹೇಳ್ತೀನಿ ಬಿಡು, ಅನ್ನೋನು. ಏನು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ."

ಮಾರನೆಯ ದಿನ ಬೆಳಿಗ್ಗೆ, ಹುಟ್ಟಿದಾಗಿನಿಂದ ಅಣ್ಣನಿಗೆ ಎದುರು ಮಾತಾಡದ ನಾನು ಫೋನು ಹಚ್ಚಿದೆ.

"ಅಣ್ಣ, ಆ ಕಾಗದದ ಮೇಲೆ ನಿನ್ ಸೈನ್ ಬ್ಯಾಡ. ಅವಳೇ ಹಾಕ್ತಾಳೆ."

"ಎಲ್ಲ ಹೇಳ್ಬಿಟ್ಟೇನೆ? ಮನೆ ಗಂಡಸು ಅಂತ ನಾನಿರೋದು ಯಾಕೆ?"

"ಗಂಡಸು ಹೌದಣ್ಣ. ಗಂಟು ನಿನ್ನೆದೆಯಲ್ಲಿಲ್ಲವಲ್ಲ!"

ಫೋನು ಇಟ್ಟೆ. ಮಾತು ಒಮ್ಮೆಯೂ ತಡವರಿಸಿರಲಿಲ್ಲ. ಅದನ್ನೂ ಕೃಪೆಗಳ ಎಣಿಕೆಗೆ ಸೇರಿಸಿದೆ.

ಮತ್ತೆ ಆಸ್ಪತ್ರೆಗೆ ಹೋದೆವು. ಚಿಕ್ಕಮ್ಮ ಹೇಳಿ ನನ್ನಿಂದ ಬರೆಸಿದ ಪ್ರಶ್ನೆಗಳು ಒಂದು ಹಾಳೆಯ ತುಂಬ ಇದ್ದವು. ಡಾಕ್ಟರು ಒಳ್ಳೆಯವರೇ. ಆದರೆ ಒಳ್ಳೆಯತನವನ್ನು ಅಣ್ಣನ ಕಡೆ ನೋಡಿಕೊಂಡು ಮಾಡುವ ಅಭ್ಯಾಸ ಅವರಿಗೆ.

"ಅಮ್ಮಾ, ನೀವು ಟೆನ್ಷನ್ ತಗೋಬೇಡಿ. ನಿಮ್ಮ ಮಗನ ಹತ್ರ ಮಾತಾಡ್ತೀನಿ."

"ಅವನು ನಮ್ಮಕ್ಕನ ಮಗ. ನಂಗೆ ಮಕ್ಕಳಿಲ್ಲ. ಟೆನ್ಷನ್ನು ನಂದು, ನಂಗೇ ಕೊಡಿ."

ಡಾಕ್ಟರು ಮೊದಲ ಸಲ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. ಆಗ ತಿಳಿಯಿತು ನೋಡಿ! ಅಣ್ಣ ಸಹಿ ಹಾಕಿದ್ದು ಒಂದು ಕಡೆಯ ಎದೆಯನ್ನು ಪೂರ್ತಿ ತೆಗೆಯುವ ಕಾಗದಕ್ಕೆ. ಇನ್ನೊಂದು ದಾರಿಯೂ ಇತ್ತು. ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು, ಆಮೇಲೆ ಕೆಲವು ವಾರ ದಿನಾ ಬಂದು ಕರೆಂಟು, ಅಂದರೆ ರೇಡಿಯೇಷನ್, ಇಡಿಸಿಕೊಳ್ಳುವುದು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ವಯಸ್ಸಾಗಿದೆ, ದಿನಾ ಓಡಾಡೋಕಾಗಲ್ಲ, ಪೂರ್ತಿ ತೆಗೆದುಬಿಡಿ ಅಂತ ಇವರು..."

ಅಣ್ಣ ಕಿಟಕಿ ನೋಡಿದ.

"ಓಡಾಡೋ ಕಾಲು ನಂದು. ಎದೆ ನಂದು. ಒಂದು ಕಡೆ ಹೊಲಿಗೆ ಬಿಟ್ರೆ ಇಡೀ ತೋಳು ಕಿತ್ತಾಕ್ತಾರೇನು ಸಾರ್? ಎರಡನೇದು ನಂಗೆ ಆಗ್ತದಾ, ಇಲ್ವಾ? ಅದು ಹೇಳಿ."

"ಆಗುತ್ತಮ್ಮ. ಗಂಟು ಸಣ್ಣದಿದೆ. ಆದರೆ ತೆಗೆದ ಮೇಲೆ ಪರೀಕ್ಷೆಯಲ್ಲಿ ಅಂಚಿನಲ್ಲೂ ಏನಾದರೂ ಕಂಡರೆ ಇನ್ನೊಂದು ಸಲ ಕೊಯ್ಯಬೇಕಾಗಬಹುದು."

"ಅದನ್ನೂ ಆಗ ನಂಗೇ ಹೇಳಿ."

ಅಣ್ಣನ ಸಹಿಯ ಮೇಲೆ ಒಂದು ಬಾಣ ಬಿತ್ತು. ಹೊಸ ಕಾಗದ ಬಂತು. ನಾನು ಓದಿ ಹೇಳಿದೆ, ಅವಳು ಕೇಳಿದಳು, ಆಮೇಲೆ ಕಾರ್ಖಾನೆಯ ಹಾಜರಿಗೆಂದು ಕಲಿತ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅಣ್ಣ ಮೆಲ್ಲಗೆ ಹತ್ತಿರ ಬಂದ.

"ನೀನು ಹೆದರ್ಕಂತೀಯ ಅಂತ ಕಣೆ ಚಿಕ್ಕಮ್ಮ."

"ಹೆದರ್ಕೆ ಆಗ್ತೈತೆ ಕಣಪ್ಪ. ಅದೂ ನಂದೇ. ಪಕ್ಕದಲ್ಲಿ ಕೂತ್ಕ, ಸಾಕು."

ಅವಳು ಚುಚ್ಚಿದ ಮಾತಿಗೆಲ್ಲ ಅಳದ ಅಣ್ಣ ಅಷ್ಟಕ್ಕೆ ಅತ್ತುಬಿಟ್ಟ!

ಆಪರೇಷನ್ನಿನ ಬೆಳಿಗ್ಗೆ ನರ್ಸಮ್ಮ ಅವಳಿಗೆ ಹಸಿರು ಅಂಗಿ ತೊಡಿಸಲು ಬಂದು ಕಿಸಕ್ಕನೆ ನಕ್ಕಳು. ಎದೆಯ ಮೇಲೆ, ಗಂಟಿನ ನೇರಕ್ಕೆ, ಒಂದು ಕೆಂಪು ಬಾಣ!

"ಅಜ್ಜೀ, ನಾವೇ ಪೆನ್ನಲ್ಲಿ ಗುರುತು ಹಾಕ್ತೀವಿ. ಇದನ್ನ ತೆಗೀಬೇಕು."

"ನೀವು ಹಾಕೋತನಕ ಇರ್ಲಿ."

ನನಗೆ ನಗು ಬರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವಳು ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು.

"ಅಳ್ತೀಯಾಕೆ? ಎಸೆಯೋ ಪೀಸಿಗೆ ಯಾರಾದ್ರೂ ಬಾಣ ಹಾಕ್ತಾರೇನೆ? ಸರಿಹೋಗ್ತದೆ ಅನ್ನೋದಕ್ಕೆ ತಾನೇ ಹಾಕೋದು!"

ಪೂಜಾರಿಯ ಶಲ್ಯ, ಯಜಮಾನರ ಪ್ಯಾಂಟು, ನನ್ನ ಹಣೆ ಎಲ್ಲ ಒಟ್ಟಿಗೆ ನೆನಪಾದವು.

ಡಾಕ್ಟರು ಹೊರಗೆ ಬಂದಾಗ ಅಣ್ಣ ಓಡಿದ. ಅವರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

"ಆಪರೇಷನ್ ಆಗಿದೆ, ಚೆನ್ನಾಗಿದ್ದಾರೆ. ಉಳಿದದ್ದು ಅವರಿಗೆ ಎಚ್ಚರವಾದ ಮೇಲೆ ಅವರಿಗೇ ಹೇಳ್ತೀನಿ. ಇಲ್ಲಾಂದ್ರೆ ನನ್ನ ಕೋಟಿಗೆ ಇನ್ನೊಂದು ಬೀಳುತ್ತೆ!"

ಈಗ ಚಿಕ್ಕಮ್ಮ ನಮ್ಮ ಮನೆಯಲ್ಲಿದ್ದಾಳೆ. ಕರೆಂಟು ಇಡುವುದು ಇನ್ನು ಮೇಲೆ. ಮೊನ್ನೆ ಪರೀಕ್ಷೆಯ ಕಾಗದ ಬಂತು. ಡಾಕ್ಟರು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಮನೆಗೆ ಬಂದ ಮೇಲೆ ನಾನೇ ಕೇಳಿದೆ.

"ಏನಂದ್ರು ಚಿಕ್ಕಮ್ಮ?"

"ಹೇಳ್ತೀನಿ ಬಿಡು, ಸೋಮವಾರ."

ನನ್ನ ಮುಖ ಹೇಗಾಯಿತೋ, ಅವಳು ತಟ್ಟನೆ ನನ್ನ ಕೈ ಹಿಡಿದುಕೊಂಡಳು.

"ತಮಾಷೆಗೆ ಅಂದೆ ಕಣೆ ಅಮ್ಮಣ್ಣಿ. ಬಾ ಇಲ್ಲಿ, ಕೂತ್ಕ."

ಎಲ್ಲ ಹೇಳಿದಳು. ಒಳ್ಳೆಯದೆಷ್ಟು, ಹೆದರಬೇಕಾದ್ದೆಷ್ಟು, ಡಾಕ್ಟರಿಗೂ ಗೊತ್ತಿಲ್ಲದ್ದೆಷ್ಟು, ಒಂದೂ ಬಿಡದೆ. ಆ ಸಂಜೆ ದೀಪದ ಮುಂದೆ ನಾನು ಎಣಿಸಿದ್ದು ಅದೊಂದನ್ನೇ.

ಆಮೇಲೆ ಅಡಿಗೆಮನೆಗೆ ಹೋದೆ. ಅಷ್ಟು ದಿನದಿಂದ ಮುಚ್ಚಿಟ್ಟಿದ್ದ ಹುಣಸೆಹಣ್ಣಿನ ಬುಟ್ಟಿಯ ಮೇಲೆ ಕೆಂಪು ಬಾಣವೊಂದು ಕೂತಿತ್ತು. ಅಣ್ಣನ ಫೋನು ಬಂದ ದಿನ ಗಡಿಬಿಡಿಯಲ್ಲಿ ಬಿಡಿಸಿ ಮುಗಿಸಿದೆ ಎಂದುಕೊಂಡಿದ್ದ ಹಣ್ಣಿನಲ್ಲಿ ಬೀಜ ಹಾಗೇ ಉಳಿದಿತ್ತು. ಚಾಪೆ ಹಾಸಿಕೊಂಡು, ಮೊದಲಿನಿಂದ ಬಿಡಿಸಲು ಕೂತೆ.