ತಾರೀಖಿನ ಖಾನೆಯೊಳಗಿನ ಮಂದಿ

ಹೆಸರಿನ ಖಾನೆಯಲ್ಲಿ ಏನು ತುಂಬಿದರೂ ಕಂಪ್ಯೂಟರ್ ತಕರಾರು ತೆಗೆಯುವುದಿಲ್ಲ. ವಿಳಾಸದ ಖಾನೆಯಲ್ಲಿ ‘ಅಲ್ಲೇ ಗುಡಿ ಬಾಜೂಕ’ ಎಂದು ತುಂಬಿದರೂ ಸುಮ್ಮನೆ ಇಟ್ಟುಕೊಳ್ಳುತ್ತದೆ. ಆದರೆ ಮಂದಿ ತಾರೀಖು, ಟೈಮಿನ ಖಾನೆಗೆ ಕೈ ಹಾಕಿದರೆಂದರೆ ನನ್ನ ಫೋನು ಬಡಕೊಳ್ಳಲು ಶುರುವಾಗುತ್ತದೆ. ಇಂಥದ್ದೊಂದು ಆಗದ ತಿಂಗಳೇ ಇಲ್ಲ.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಅಂಗಡಿ, ಕಾಲೇಜು, ಕೋಲ್ಡ್ ಸ್ಟೋರೇಜುಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಡೇಟಾಬೇಸ್ ಅಂದರೆ ಹೆದರುವಂಥದ್ದೇನಲ್ಲ. ಮಾಹಿತಿಯನ್ನು ಸಾಲು ಸಾಲಾಗಿ ಖಾನೆಗಳಲ್ಲಿ ಜೋಡಿಸಿಡುವ ಕಪಾಟು, ಅಷ್ಟೆ. ಯಾರೋ ಮಾರಿ ಹೋದ ಸಾಫ್ಟ್‌ವೇರು ಕೈಕೊಟ್ಟಾಗ ಮಂದಿ ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ, ಸರಿ ಮಾಡುತ್ತೇನೆ, ನಗು ತಡೆದುಕೊಂಡು ವಾಪಸು ಬರುತ್ತೇನೆ.

ಇನ್ನೂ ಬರದ ದ್ರಾಕ್ಷಿ

ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಿಂದ ಫೋನು ಬಂತು. ಅಲ್ಲಿ ರೈತರು ಒಣದ್ರಾಕ್ಷಿಯ ಬಾಕ್ಸುಗಳನ್ನು ತಂದು ಇಡುತ್ತಾರೆ, ಬೇಕಾದಾಗ ಒಯ್ಯುತ್ತಾರೆ. ಬಸ್ಸು ಹಿಡಿದು ಹೋದರೆ ಕೌಂಟರಿನ ಮುಂದೆ ಒಬ್ಬ ರೈತ ಟವೆಲ್ ಕೊಡವುತ್ತ ನಿಂತಿದ್ದ. ಹೊರಗೆ ಮಾಲು ನೋಡಲು ಬಂದ ವ್ಯಾಪಾರಿ ಕಾರಿನಲ್ಲೇ ಕೂತು ಹಾರ್ನ್ ಹಾಕುತ್ತಿದ್ದ. ಕಂಪ್ಯೂಟರ್ ಮುಂದಿದ್ದ ಆಪರೇಟರ್ ಬಹಳ ನಿಯತ್ತಿನ ಮನುಷ್ಯ. ಪರದೆಯ ಮೇಲೆ ಇಲ್ಲದ್ದನ್ನು ಅವನು ನಂಬುವವನಲ್ಲ.

“ಕಾಕಾ, ನಿಮ್ಮ ಮಾಲ ಇನ್ನೂ ಬಂದಿಲ್ಲರಿ” ಎನ್ನುತ್ತಿದ್ದ.

“ಬಂದಿಲ್ಲಾ? ಹೋದ ವಾರ ಟ್ರ್ಯಾಕ್ಟರ್ ಹೇರಿಕೊಂಡ ಬಂದು ನಿನ್ನ ಮುಂದ ಇಳಿಸಿ ಹೋಗೇನಲ್ಲೋ!”

“ನೀವು ಬಂದದ್ದ ಖರೇ ರಿ. ಆದ್ರ ಮಾಲ ಮೇ ತಿಂಗಳ ನಾಕನೇ ತಾರೀಖಿಗೆ ಬರ್ತೈತಿ ಅಂತ ತೋರಸಾಕತ್ತೈತಿ. ಒಳಗ ಬರೂಕಿಂತ ಮೊದಲ ಹೊರಗ ಹೆಂಗ ಬಿಡ್ಲಿ?”

ನಾನು ನೋಡಿದ ಕೂಡಲೇ ಗೊತ್ತಾಯಿತು. ರೈತ ಬಂದದ್ದು ಏಪ್ರಿಲ್ ಐದಕ್ಕೆ. ಆಪರೇಟರ್ ನಮ್ಮ ರೂಢಿಯಂತೆ ಮೊದಲು ದಿನ, ಆಮೇಲೆ ತಿಂಗಳು ತುಂಬಿದ್ದ. ಸಾಫ್ಟ್‌ವೇರು ಅಮೆರಿಕದ ರೂಢಿಯದು, ಮೊದಲು ತಿಂಗಳು ಓದುತ್ತದೆ. ಹೀಗಾಗಿ ಏಪ್ರಿಲ್ ಐದು ಹೋಗಿ ಮೇ ನಾಲ್ಕಾಗಿತ್ತು. ಹನ್ನೆರಡನೇ ತಾರೀಖಿನ ನಂತರ ಬಂದವರಿಗೆ ತೊಂದರೆಯಿಲ್ಲ, ಯಾಕೆಂದರೆ ಹದಿಮೂರನೆಯ ತಿಂಗಳು ಎಂಬುದು ಅಮೆರಿಕದಲ್ಲೂ ಇಲ್ಲ.

ನಾನು ಕೂತು ಅದನ್ನು ಸರಿ ಮಾಡುವ ಹೊತ್ತಿಗೆ ರೈತ ತಡೆಯಲಾರದೆ ಒಳಗೆ ಹೋಗಿ ತನ್ನದೇ ಬಾಕ್ಸಿನಿಂದ ಒಂದು ಹಿಡಿ ದ್ರಾಕ್ಷಿ ತಂದ. ಆಪರೇಟರನ ಕೈಯಗಲಿಸಿ ಅದರಲ್ಲಿ ಸುರಿದ.

“ತಿನ್ನೋ ತಮ್ಮಾ. ಮುಂದಿನ ತಿಂಗಳ ಬರೂ ದ್ರಾಕ್ಷಿ ಹೆಂಗೈತಿ, ರುಚಿ ನೋಡಿ ಹೇಳು.”

ನಸುಕಿನ ಕಾಲೇಜು

ಬಬಲೇಶ್ವರ ಕಡೆಯ ಒಂದು ಕಾಲೇಜಿನಲ್ಲಿ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಮಷೀನು ಕೂರಿಸಿದ್ದರು. ಮಷೀನು ಟೈಮನ್ನು ಇಂಗ್ಲೆಂಡಿನ ಗಡಿಯಾರದ ಲೆಕ್ಕದಲ್ಲಿ ಡೇಟಾಬೇಸಿಗೆ ಕಳಿಸುತ್ತದೆ. ತೋರಿಸುವಾಗ ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ಮಷೀನು ಮಾರಿದವರು ಕೂಡಿಸುವುದನ್ನೇ ಮರೆತಿದ್ದರು. ಬೆಳಗಿನ ಹತ್ತು ಗಂಟೆ ಎಂಬುದು ನಸುಕಿನ ನಾಲ್ಕೂವರೆಯಾಗಿ ಕಾಗದದ ಮೇಲೆ ಬಂದಿತ್ತು.

ಅದನ್ನು ನೋಡಲು ನನ್ನನ್ನು ಕರೆಸಿದ ದಿನವೇ ಆಡಳಿತ ಮಂಡಳಿ ಉಪನ್ಯಾಸಕರ ಸಭೆ ಕರೆದಿತ್ತು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವುದರೊಳಗೆ ಅಧ್ಯಕ್ಷರು ಕಾಗದ ಕೈಗೆ ತೆಗೆದುಕೊಂಡರು. ಹಿರಿಯರು, ತೋಟದ ಒಡೆಯರು, ಮುಂಜಾನೆ ಬೇಗ ಏಳುವವರ ಮೇಲೆ ಅವರಿಗೆ ಬಹಳ ಪ್ರೀತಿ.

“ಏನ ಮಂದಿರಿ ನೀವು! ನಸುಕಿನ ನಾಕೂವರಿಗೆ ಎಲ್ಲಾರೂ ಕಾಲೇಜಿನ್ಯಾಗ ಇರ್ತೀರಿ. ನಮ್ಮ ತೋಟಕ್ಕ ಆಳುಗಳೂ ಇಷ್ಟ ಲಗೂ ಬರೂದಿಲ್ಲ. ಭೇಷ್!”

ಉಪನ್ಯಾಸಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ವಿನಯದಿಂದ ತಲೆ ತಗ್ಗಿಸಿದರು. ಅಧ್ಯಕ್ಷರು ಖುಷಿಯಲ್ಲೇ ಹಾಳೆ ತಿರುವಿದರು. ಅಲ್ಲಿ ಮನೆಗೆ ಹೋದ ಟೈಮು ಇತ್ತು.

“ಇದೇನ್ರಿ ಇದು? ಹನ್ನೊಂದೂವರಿಗೆ ಎಲ್ಲಾರೂ ಮನಿಗೆ? ಮಧ್ಯಾಹ್ನದ ಊಟಕ್ಕೂ ನಿಲ್ಲೂದಿಲ್ಲೇನು?”

ಈಗ ಎಲ್ಲರಿಗೂ ಒಮ್ಮೆಲೇ ಬಾಯಿ ಬಂತು. “ಸರ, ಮಷೀನ್ ಕೆಟ್ಟೈತ್ರಿ! ಟೈಮ್ ತಪ್ಪ ತೋರಸಾಕತ್ತೈತ್ರಿ!”

ಅಧ್ಯಕ್ಷರು ಕನ್ನಡಕ ಮೂಗಿನ ತುದಿಗೆ ಸರಿಸಿ ಕೇಳಿದರು. “ಬರೂ ಮುಂದ ನೆಟ್ಟಗಿತ್ತು, ಹೋಗೂ ಮುಂದ ಕೆಟ್ಟಿತೇನು?”

ಇಡೀ ಶಹರದ ಹುಟ್ಟುಹಬ್ಬ

ಇದು ಸಣ್ಣದು. ನಮ್ಮ ಓಣಿಯ ಆಚೆ ಒಬ್ಬ ಚಾಚಾನ ಸೀರೆ ಅಂಗಡಿ. ಗಿರಾಕಿಗಳ ಜನ್ಮ ತಾರೀಖು ಡೇಟಾಬೇಸಿನಲ್ಲಿದೆ, ಅವತ್ತು ಬೆಳಿಗ್ಗೆ ಅವರ ಮೊಬೈಲಿಗೆ ಶುಭಾಶಯದ ಮೆಸೇಜು ಹೋಗುತ್ತದೆ, ಅಂಗಡಿಗೆ ಬಂದರೆ ಕುಪ್ಪಸದ ಒಂದು ಖಣ ಪುಕ್ಕಟೆ. ಚಾಚಾನದೇ ಯೋಜನೆ, ಬಹಳ ಹುರುಪಿನಿಂದ ಮಾಡಿಸಿದ್ದ.

ಒಂದು ದಿನ ಅಂಗಡಿ ತೆರೆಯುವ ಹೊತ್ತಿಗೆ ಫೋನು ಮಾಡಿದ. ಹಿಂದೆ ಸಂತೆಯಂಥ ಗದ್ದಲ.

“ಬೇಟಿ, ಏನ ಮಾಡಿಟ್ಟಿಯವ್ವಾ? ಇಡೀ ಶಹರ ಇವತ್ತ ಹುಟ್ಟೈತಿ! ಪಾಳಿ ಗಾಂಧಿ ಚೌಕ ಮುಟ್ಟಾಕ ಬಂದೈತಿ. ಎಲ್ಲಾರೂ ಮುದಿಕ್ಯಾರ!”

“ಚಾಚಾ, ಇವತ್ತ ತಾರೀಖು ಎಷ್ಟರಿ?”

“ಜೂನ್ ಒಂದು.”

ನಾನು ಹಣೆ ಹಣೆ ಬಡಿದುಕೊಂಡೆ. ಹಿಂದೆಲ್ಲ ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಜೂನ್ ಒಂದನ್ನೇ ಬರೆಯುತ್ತಿದ್ದರು. ವಯಸ್ಸಾದವರ ಆಧಾರ್ ಕಾರ್ಡಿನಲ್ಲೂ ಅದೇ ಮುಂದುವರಿದಿದೆ. ಇದನ್ನೆಲ್ಲ ಹೇಳಿ, “ಚಾಚಾ, ನಿಮ್ಮ ಕಾರ್ಡಿನ್ಯಾಗ ಏನೈತಿ ನೋಡ್ರಿ” ಎಂದೆ.

ಅತ್ತ ಕಡೆ ಡ್ರಾವರ್ ಎಳೆದು ಕಾರ್ಡು ತೆಗೆದ ಸದ್ದಾಯಿತು. ಆಮೇಲೆ ಬೇಸರದ ದನಿ ಕೇಳಿತು.

“ನೋಡು ಬೇಟಿ, ಮುಂಜಾನಿಂದ ಇಷ್ಟ ಮಂದಿಗೆ ಮುಬಾರಕ್ ಅಂದೀನಿ. ನನಗ ಒಬ್ಬರಾದ್ರೂ ಅಂದಾರೇನು?”

ಹನ್ನೆರಡೂವರೆಯ ಅಕ್ಷತೆ

ವಿಜಯಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ಬುಕಿಂಗ್ ಎಲ್ಲ ಕಂಪ್ಯೂಟರಿನಲ್ಲೇ. ಅಲ್ಲಿನ ಮ್ಯಾನೇಜರರು ಒಂದು ಮದುವೆಯ ಮುಹೂರ್ತ ಮಧ್ಯಾಹ್ನ ಹನ್ನೆರಡೂವರೆ ಎಂದು ತುಂಬುವಾಗ ಎ.ಎಂ. ಎಂದು ಒತ್ತಿಬಿಟ್ಟಿದ್ದರು. ಕೇಳಿದರೆ, “ಊಟ ಆಗೂತನಾ ಮುಂಜಾನಿನ ಅಲ್ಲೇನ್ರಿ?” ಎಂಬುದು ಅವರ ವಾದ. ಕಂಪ್ಯೂಟರು ಆ ಮದುವೆಯನ್ನು ನಡುರಾತ್ರಿ ಮುಗಿಸಿ, ಹಗಲು ಹಾಲ್ ಖಾಲಿ ಎಂದು ತೋರಿಸಿತು. ಮಾಲೀಕರು ಅದೇ ದಿನ ಹನ್ನೊಂದು ಗಂಟೆಗೆ ಇನ್ನೊಂದು ಮದುವೆಗೆ ಹಾಲ್ ಕೊಟ್ಟರು.

ಆ ದಿನ ಬೆಳಿಗ್ಗೆ ಒಂದೇ ಬಾಗಿಲಿಗೆ ಎರಡು ಬ್ಯಾಂಡು ಬಂದು ನಿಂತವು. ಮ್ಯಾನೇಜರರು ಅಳುವ ದನಿಯಲ್ಲಿ ಫೋನು ಮಾಡಿದರು. ನಾನು ಓಡಿದೆ. ನಾನು ಹೋಗಿ ಮಾಡುವುದಾದರೂ ಏನು? ಎ.ಎಂ. ಅಳಿಸಿ ಪಿ.ಎಂ. ಮಾಡಿದರೆ ಎರಡು ಬೀಗರ ದಂಡು ಕರಗುತ್ತದೆಯೇ? ಎರಡೂ ಕಡೆಯವರ ತೋಳು ಮೇಲೇರಿದ್ದವು. ಒಬ್ಬ ಮದುಮಗಳಂತೂ ಆಟೋದಿಂದ ಇಳಿಯಲಾರೆ ಎಂದು ಅಳುತ್ತ ಕೂತಿದ್ದಳು.

ಕೊನೆಗೆ ಆ ಹುಡುಗಿಯ ಅಜ್ಜನೇ ನಡುವೆ ಬಂದ. “ಒಬ್ಬರದು ಹನ್ನೊಂದಕ್ಕ, ಒಬ್ಬರದು ಹನ್ನೆರಡೂವರಿಗೆ. ಅಕ್ಷತಾ ಹಾಕಾಕ ಎಷ್ಟ ಹೊತ್ತ ಬೇಕು? ಒಬ್ಬರು ಉಣ್ಣೂ ಮುಂದ ಒಬ್ಬರು ಮ್ಯಾಲ ಕುಂದರ್ಲಿ” ಎಂದ. ಹಾಗೇ ನಡೆಯಿತು. ಎರಡೂ ಮದುವೆ ಚಂದಾಗಿಯೇ ಆದವು.

ಎರಡನೆಯ ಮದುವೆಗೆಂದು ಬಂದಿದ್ದ ಹಳ್ಳಿಯ ಹಿರಿಯರೊಬ್ಬರು ಮಾತ್ರ ಮೊದಲನೆಯದಕ್ಕೇ ಅಕ್ಷತೆ ಹಾಕಿ, ಆಹೇರಿಯ ಉಡುಗೊರೆ ಕೊಟ್ಟು, ಉಂಡು, ಮದುಮಗಳ ತಲೆ ಮುಟ್ಟಿ ಕಣ್ಣೀರನ್ನೂ ತೆಗೆದಿದ್ದರು. ಯಾರೋ ತಿಳಿಸಿ ಹೇಳಿದಾಗ ಅವರು ಎಲೆ ಅಡಿಕೆಯನ್ನು ದವಡೆಗೆ ಸರಿಸಿದರು.

“ಹುಡುಗೀನ ಸಣ್ಣಾಕಿ ಇದ್ದಾಗ ನೋಡಿದ್ದೆ ರಿ,” ಎಂದರು. “ಭಾಳ ಬದಲಾಗ್ಯಾಳ ಬಿಡು ಅನಕೊಂಡೆ.”

ಎಲ್ಲರಿಗಿಂತ ಹಿರಿಯಳು

ಸಾರವಾಡದಲ್ಲಿ ಒಂದು ಸಂಘದವರು ಕಣ್ಣು ತಪಾಸಣೆಯ ಶಿಬಿರ ಮಾಡಿದ್ದರು. ಬಂದವರ ಹೆಸರು, ಜನ್ಮ ತಾರೀಖನ್ನೆಲ್ಲ ಅಲ್ಲೇ ಕಂಪ್ಯೂಟರಿಗೆ ತುಂಬಿದರು. ತಾರೀಖಿನ ಖಾನೆ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಒಬ್ಬ ಅಜ್ಜಿಗೆ ತಾರೀಖು ಕೇಳಿದರೆ, “ನಾ ಹುಟ್ಟಿದಾಗ ಜ್ವಾಳಾ ಕೊಯ್ಯಾಕತ್ತಿದ್ರಂತ” ಎಂದಳು. ಜೋಳಕ್ಕೆ ಆ ಖಾನೆಯಲ್ಲಿ ಜಾಗವಿಲ್ಲ. ತುಂಬುವವನು ಬೇಸತ್ತು ಸಾವಿರದ ಒಂಬೈನೂರನೆಯ ಇಸವಿ ಜನವರಿ ಒಂದು ಎಂದು ಒತ್ತಿ ಮುಂದಿನವರನ್ನು ಕರೆದ.

ಕೆಲವು ತಿಂಗಳ ನಂತರ ಅದೇ ಸಂಘದವರು ಊರಿನ ಅತಿ ಹಿರಿಯರಿಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು. ವಯಸ್ಸಿನ ಪ್ರಕಾರ ಜೋಡಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಎಲ್ಲರಿಗಿಂತ ಮೇಲೆ ಆ ಅಜ್ಜಿ ಬಂದು ಕೂತಳು. ಅವರ ಮಾಹಿತಿ ನೋಡಿಕೊಳ್ಳುವವಳು ಎಂದು ನನಗೂ ಕರೆ ಬಂತು. ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ವೇದಿಕೆಯ ಮೇಲೆ ಅಷ್ಟುದ್ದ ಬ್ಯಾನರು, ‘ನೂರಿಪ್ಪತ್ತು ದಾಟಿದ ನಮ್ಮೂರ ಶತಾಯುಷಿ’.

ಸಂಘದ ಕಾರ್ಯದರ್ಶಿಯ ಕಿವಿಯಲ್ಲಿ, “ಸರ, ಇದು ಖಾಲಿ ಜಾಗಾ ತುಂಬಾಕ ಹಾಕಿದ ತಾರೀಖ್ರಿ, ಖರೇದಲ್ಲ” ಎಂದೆ. ಅವರು ಬ್ಯಾನರಿನತ್ತ ನೋಡಿದರು, ಮಂದಿಯತ್ತ ನೋಡಿದರು, ಕೈ ಮುಗಿದರು. “ಮೇಡಂ, ಪುಣ್ಯಾ ಬರ್ತೈತಿ, ಸುಮ್ಮನ ಕುಂದರ್ರಿ.”

ಅಷ್ಟರಲ್ಲಿ ಅಜ್ಜಿ ಬಂದಳು. ಇಳಕಲ್ ಸೀರೆ ಉಟ್ಟು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ, ಅಡ್ಡವಿದ್ದ ಕುರ್ಚಿಯನ್ನು ತಾನೇ ಎತ್ತಿ ಸರಿಸಿ ಕೂತಳು. ನೋಡಿದರೆ ಎಪ್ಪತ್ತು ದಾಟಿರಬೇಕು, ಅಷ್ಟೆ. ಶಾಲು ಹೊದಿಸಿದರು, ಹಾರ ಹಾಕಿದರು. ಸಂಘದ ಅಧ್ಯಕ್ಷರು ಮೈಕು ಹಿಡಿದು ಕೇಳಿದರು.

“ಅಜ್ಜಿ, ಇಷ್ಟ ವರ್ಷ ಬದುಕಾಕ ನೀವು ಏನ ತಿಂತಿದ್ರಿ, ಈಗಿನ ಮಂದಿಗೆ ಹೇಳ್ರಿ.”

“ರೊಟ್ಟಿ. ಮತ್ತೇನ ತಿಂತಾರ?”

ಚಪ್ಪಾಳೆ ಬಿದ್ದವು. ಆ ಚಪ್ಪಾಳೆ ನಿಲ್ಲುವ ಮೊದಲೇ ಹೆಣ್ಣುಮಕ್ಕಳ ಸಾಲಿನಿಂದ ಕೋಲೂರಿಕೊಂಡು ಇನ್ನೊಬ್ಬ ಮುದುಕಿ ಎದ್ದಳು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ.

“ಯಾರಲೇ ಆಕಿ ಊರಿಗೆ ಹಿರ್ಯಾಕಿ ಅಂದವ? ಆಕಿ ನನ್ನ ತಂಗಿ! ಆಕಿ ತೊಟ್ಟಿಲಾ ತೂಗಿದಾಕಿ ನಾನು! ನನ್ನ ಬಗಲಾಗ ಕುಂತ ಬೆಳದಾಕಿ ನನಗಿಂತ ಹಿರ್ಯಾಳ ಹೆಂಗಾದಳು?”

ಮಂದಿ ಹೋ ಎಂದು ನಕ್ಕರು. ವೇದಿಕೆಯ ಮೇಲಿನ ಅಜ್ಜಿಯ ಮುಖ ಸಣ್ಣದಾಯಿತು. “ನಾ ಎಲ್ಲಿ ಹೇಳೇನಿ ಬೇ ಅಕ್ಕಾ? ಇವರ ಬಂದು ಕರಕೊಂಡ ಬಂದ್ರು” ಎನ್ನುತ್ತ ಇಳಿದು ಬಂದು, ತನ್ನ ಮೈಮೇಲಿನ ಶಾಲು ತೆಗೆದು ಅಕ್ಕನಿಗೆ ಹೊದಿಸಿದಳು. ಅಕ್ಕ ಶಾಲನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಬಟ್ಟೆ ಚಲೋ ಇದೆ ಎಂದು ಖಾತ್ರಿಯಾದ ಮೇಲೆ ಹೊದ್ದುಕೊಂಡಳು. ಆದರೆ ಸಿಟ್ಟು ಇಳಿಯಲಿಲ್ಲ. ಕಾರ್ಯದರ್ಶಿ ಇದೇ ಸಮಯವೆಂದು ನನ್ನತ್ತ ಬೆರಳು ತೋರಿಸಿದರು. “ಯಜ್ಜಿ, ಕಂಪ್ಯೂಟರಿನವರು ಅಲ್ಲಿ ಅದಾರ ನೋಡ್ರಿ.”

ಮುದುಕಿ ನನ್ನೆದುರು ಬಂದು ಕೂತಳು. “ಯವ್ವಾ, ಅದರಾಗ ನನ್ನ ಹೆಸರ ತಗಿ. ಆಕಿಗಿಂತ ಒಂದ ವರ್ಷ ಮೊದಲ ಹುಟ್ಟೇನಿ ಅಂತ ಹಾಕು.”

ಸಮಾಧಾನ ಮಾಡಲೆಂದು ಲ್ಯಾಪ್‌ಟಾಪ್ ತೆರೆದೆ. ಅವಳ ಹೆಸರಿನ ಮುಂದೆ ತಂಗಿಯದಕ್ಕಿಂತ ಒಂದು ವರ್ಷ ಹಿಂದಿನ ತಾರೀಖು ತುಂಬಿದೆ. ಕೆಂಪು ಅಕ್ಷರ ಬಂತು. ಸಾವಿರದ ಒಂಬೈನೂರಕ್ಕಿಂತ ಹಿಂದಿನ ಜನ್ಮವನ್ನು ಒಪ್ಪಬೇಡ ಎಂದು ಆ ಸಾಫ್ಟ್‌ವೇರು ಬರೆದವನು ಕಟ್ಟಿಟ್ಟಿದ್ದ. ಮತ್ತೊಮ್ಮೆ ತುಂಬಿದೆ. ಮತ್ತೆ ಕೆಂಪು.

“ಏನಂತೈತಿ?” ಎಂದಳು.

“ಯಜ್ಜಿ, ತಗೊಳ್ಳವಲ್ದರಿ. ನಿಮ್ಮ ತಂಗಿಗಿಂತ ಮೊದಲ ಈ ಭೂಮಿ ಮ್ಯಾಲ ಯಾರೂ ಹುಟ್ಟೇ ಇಲ್ಲ ಅಂತೈತ್ರಿ.”

ಮುದುಕಿ ಪರದೆಯನ್ನು ಹತ್ತಿರದಿಂದ ದಿಟ್ಟಿಸಿದಳು. ಶಾಲು ಸರಿಮಾಡಿಕೊಂಡು, ಕೋಲನ್ನು ಲ್ಯಾಪ್‌ಟಾಪಿನತ್ತ ಚಾಚಿದಳು.

“ಹಂಗಾರ ಆಕಿನ್ನ ಹಡದಾಕಿ ಯಾರು, ಕೇಳ ಅದನ್ನ.”