ಮಗುಚಿದ ಕಲ್ಲು

ಮೂರು ವರ್ಷದಿಂದ ಮಲ್ಲೇಶಪ್ಪ ತಿಂಗಳಿಗೊಮ್ಮೆ ಪುರಾತತ್ವ ಇಲಾಖೆಗೆ ಬರೆಯುತ್ತಿದ್ದ: 'ಹನ್ನೆರಡೂ ಕಲ್ಲು ಕ್ಷೇಮ.' ಒಮ್ಮೆಯೂ ಎಣಿಸಿರಲಿಲ್ಲ. ಆನವಟ್ಟಿಗೆ ಮೂರು ಮೈಲಿ ದೂರದ ಹಳೆಯ ಗುಡಿಗೂ ಅದರ ಅಂಗಳದ ವೀರಗಲ್ಲುಗಳಿಗೂ ಅವನು ಹಂಗಾಮಿ ಕಾವಲುಗಾರ. ಕಾಳಗದಲ್ಲಿ ಸತ್ತವರು, ಇನ್ನು ಎದ್ದೆಲ್ಲಿಗೆ ಹೋದಾರು ಎಂದು ನಂಬಿದ್ದ.

ಆ ಸೋಮವಾರ ಮೂರು ಗಂಟೆಯ ಬಸ್ಸಿಗೆ ಶಿವಮೊಗ್ಗೆಯ ಸಾಹೇಬರು ಬರುವವರಿದ್ದರು. ಎಲ್ಲ ಸರಿಯಿದ್ದರೆ ಕೆಲಸ ಖಾಯಂ. ಬೆಳಿಗ್ಗೆ ಮಲ್ಲೇಶಪ್ಪ ಮೊದಲ ಸಲ ಎಣಿಸಿದ. ಹನ್ನೊಂದು. ಆ ತುದಿಯಿಂದ ಎಣಿಸಿದ. ಆಗಲೂ ಹನ್ನೊಂದೇ. ದಿನಾ ಕೂರುವ ಚಪ್ಪಡಿಯ ಮೇಲೆ ಕುಸಿದು ಕೂತ. ಹಿಂದಿನ ಕಾವಲುಗಾರ ಉಚ್ಚಂಗಪ್ಪ ಅವನಿಗೆ ಬಿಟ್ಟುಹೋದ ಆಸ್ತಿ ಅದೊಂದೇ.

ದಾರಿ ತೋರಿಸಿದವನು ಚಾ ಅಂಗಡಿಯ ಚಿಕ್ಕಬೀರಪ್ಪ.

"ಊರಾಗೆ ಯಾರೋ ಒಯ್ದಿರ್ತಾರೆ ಮಾರಾಯ. ವೀರನ ಮುಖ ತುಳೀಬಾರ್ದು ಅಂತ ನಮ್ಮೋರು ಮಗುಚಿ ಹಾಕ್ತಾರೆ. ಚಪ್ಪಟೆ ಕಲ್ಲು ಕಂಡಲ್ಲೆಲ್ಲ ಎತ್ತಿ ನೋಡು."

ಊರಿನ ರೈತ ಕರಿಯಣ್ಣನನ್ನೂ ಅವನ ಹಾರೆಯನ್ನೂ ಎತ್ತುಗಳನ್ನೂ ಕರೆದುಕೊಂಡು ಮಲ್ಲೇಶಪ್ಪ ಹೊರಟ. ನಾಗರಾಜಪ್ಪನ ಮನೆಯ ಮೆಟ್ಟಿಲಡಿ ಚೇಳು ಸಿಕ್ಕಿತು. ಕೊಟ್ಟಿಗೆಗಳ ಕಲ್ಲಡಿ ಬೈಗುಳ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಊರು ಹಂದಿ ಹೊಕ್ಕ ಗೆಣಸಿನ ಹೊಲದಂತಾಗಿತ್ತು.

ಕೊನೆಗೆ ದ್ಯಾಮಮ್ಮನ ಹಿತ್ತಲು. ಗಂಡ ಹೋದ ಮೇಲೆ ಒಬ್ಬಳೇ ಇದ್ದ ಮುದುಕಿ. ಅವಳ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೆ, ಕೆಸರಿನೊಳಗೆ ಕತ್ತಿ ಹಿಡಿದ ವೀರ. ಪಕ್ಕದಲ್ಲಿ ಅವನೊಡನೆ ಚಿತೆಗೇರಿದ ಹೆಂಡತಿ, ತೋಳೆತ್ತಿ ನಿಂತವಳು. ದ್ಯಾಮಮ್ಮ ಕೂಗಾಡಲಿಲ್ಲ. ಸೆರಗಿನಿಂದ ಆ ತೋಳಿನ ಕೆಸರು ಒರೆಸಿದಳು.

"ಬಳೆ ಹಂಗೇ ಅದಾವಲ್ಲ" ಎಂದಳು.

ಸಂಜೆಯೊಳಗೆ ಬೇರೆ ಒಗೆಯೋ ಕಲ್ಲು ತಂದುಕೊಡುವೆನೆಂದು ಮಾತು ಕೊಟ್ಟು, ಮಲ್ಲೇಶಪ್ಪ ಅದನ್ನು ಎಳೆಸಿಕೊಂಡು ಹೋಗಿ ಸಾಲಿನ ಕೊನೆಗೆ ನಿಲ್ಲಿಸಿದ.

ಸಾಹೇಬರು ಪಟ್ಟಿ ಹಿಡಿದು ಒಂದೊಂದನ್ನೇ ನೋಡುತ್ತ ಬಂದರು. ಕೊನೆಯದರ ಮುಂದೆ ಬಹಳ ಹೊತ್ತು ನಿಂತರು.

"ಇದು ಪಟ್ಟಿಯಲ್ಲಿಲ್ಲ. ಹನ್ನೆರಡನೆಯದರಲ್ಲಿ ಹುಲಿಯ ಜೊತೆ ಹೋರಾಡುವ ಮನುಷ್ಯ ಇರಬೇಕು. ಎಲ್ಲಿ ಅದು?"

ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಕೂತುಕೊಳ್ಳಿ ಎಂದು ಮಲ್ಲೇಶಪ್ಪ ತನ್ನ ಚಪ್ಪಡಿಯನ್ನೇ ಟವೆಲ್ಲಿನಿಂದ ಒರೆಸಿಕೊಟ್ಟ. ಸಾಹೇಬರು ಕೂತರು. ಕಲ್ಲು ಕಂಡರೆ ತಡವಿ ನೋಡುವುದು ಅವರ ಅಭ್ಯಾಸ. ಬೆರಳು ಅಂಚಿನ ಕೆಳಗೆ ಹೋಯಿತು, ಅಲ್ಲೇ ನಿಂತಿತು. ಅವರು ಎದ್ದರು.

"ಎತ್ತಿಸಿ."

ಹುಲಿ ಅಲ್ಲಿತ್ತು. ಮಳೆ ಬಿಸಿಲು ಕಾಣದೆ ಮೀಸೆಯ ಕೂದಲೂ ಸವೆದಿರಲಿಲ್ಲ. ವೀರನ ಮುಖದ ಮೇಲೆ ಕೂರಬಾರದೆಂದು ಉಚ್ಚಂಗಪ್ಪನೂ ಅದನ್ನು ಭಕ್ತಿಯಿಂದ ಮಗುಚಿಯೇ ಹಾಕಿದ್ದ.

"ಮೂರು ವರ್ಷ ಇದನ್ನ ಕಾದವರು ಯಾರು?"

"ನಾನೇ ಸ್ವಾಮಿ."

"ಎಲ್ಲಿ ಕೂತು?"

ಮಲ್ಲೇಶಪ್ಪ ಒರೆಸಿದ ಟವೆಲ್ಲನ್ನು ಮಡಚತೊಡಗಿದ.

ಸಾಹೇಬರು ಅಲ್ಲೇ ನಿಂತು ಬರೆದರು. ಹುಲಿಯ ಕಲ್ಲು ಸಾಲಿನಲ್ಲಿ ನಿಲ್ಲಬೇಕು. ಅಪ್ಪಣೆಯಿಲ್ಲದೆ ಕಿತ್ತು ತಂದ ಕಲ್ಲು ಇದ್ದಲ್ಲಿಗೇ ಹೋಗಬೇಕು, ಮುಖ ಮೇಲಾಗಿ. ಅದರ ಮೇಲೆ ಯಾರೂ ಬಟ್ಟೆ ಒಗೆಯಕೂಡದು. ಖಾಯಂ ಮಾತು ಮುಂದಿನ ವರ್ಷ ನೋಡೋಣ.

ಕೊಟ್ಟ ಮಾತು ಮಾತ್ರ ಉಳಿದಿತ್ತು. ಆದರೆ ಊರಲ್ಲಿ ಈಗ ಅವನನ್ನು ಕಲ್ಲಿನ ಹತ್ತಿರ ಬಿಡುವವರಿರಲಿಲ್ಲ. ಸಂಜೆ ತನ್ನ ಮನೆಯ ಮೆಟ್ಟಿಲನ್ನೇ ಎಬ್ಬಿಸಿ ದ್ಯಾಮಮ್ಮನ ಹಿತ್ತಲಿಗೆ ಎಳೆಸಿಕೊಂಡು ಬಂದ.

ದ್ಯಾಮಮ್ಮ ಕಲ್ಲನ್ನು ನೋಡಿದಳು, ಅವನನ್ನೂ ನೋಡಿದಳು.

"ಇಳ್ಸಾಕೆ ಮುಂಚೆ ಒಂದ್ಸಾರಿ ಮಗುಚಿ ನೋಡಪ್ಪ."

ಮಲ್ಲೇಶಪ್ಪ ಹಾರೆ ಹಿಡಿದು ನಿಂತ. ಮಗುಚಲು ಅವನಿಗೆ ಧೈರ್ಯ ಬರಲಿಲ್ಲ.